ಮೊದಲ ಹಾರರ್ ಚಿತ್ರಕ್ಕಾಗಿ ಕೆಲಸ ಬಿಡಬೇಕೆ?

ಪ್ರಶ್ನೆ: ನನಗೆ ಮೂವತ್ತೆರಡು ವರ್ಷ. ಎಡಿಟಿಂಗ್ ಸ್ಟುಡಿಯೊ ಒಂದರಲ್ಲಿ ಕೆಲಸ. ಎರಡು ಕಿರುಚಿತ್ರ ಮಾಡಿದ್ದೇನೆ, ಎರಡೂ ದೆವ್ವದ ಕಥೆಗಳೇ. ಈಗ ಪೂರ್ಣಾವಧಿ ಚಿತ್ರಕಥೆ ಬರೆದು ಮುಗಿಸಿದ್ದೇನೆ. ಕಾಡಂಚಿನ ಮನೆ, ಕಾಣೆಯಾದ ತಂಗಿ, ಅವಳನ್ನು ಹುಡುಕಿಕೊಂಡು ಬರುವ ಅಕ್ಕ. ಒಬ್ಬ ನಿರ್ಮಾಪಕರು ಓದಿ ಮೆಚ್ಚಿದ್ದಾರೆ. ಸಣ್ಣ ಬಜೆಟ್ ಹಾಕುತ್ತಾರಂತೆ. ನನಗೆ ಸಂಭಾವನೆ ಇಲ್ಲ, ನಿವ್ವಳ ಲಾಭದಲ್ಲಿ ಪಾಲು. ಕಥೆಯ ಎಲ್ಲ ಹಕ್ಕುಗಳೂ ಅವರಿಗೆ. ಬೇಡವೆಂದರೆ ನನ್ನ ಉಳಿತಾಯಕ್ಕೆ ಮನೆಯವರ ಹಣ ಸ್ವಲ್ಪ ಸೇರಿಸಿ ನಾನೇ ಮಾಡಬಹುದು. ಹಾರರ್‌ಗೆ ಸ್ಟಾರ್ ಬೇಡ, ಹಾಕಿದ ದುಡ್ಡು ಬಂದೇ ಬರುತ್ತದೆ ಎನ್ನುತ್ತಾರೆ ಗೆಳೆಯರು. ಒಮ್ಮೆ ಹಾರರ್ ಮಾಡಿದರೆ ಜೀವನಪೂರ್ತಿ ಅದೇ ಹಣೆಪಟ್ಟಿ ಎಂದು ನಾನು ಗೌರವಿಸುವ ಹಿರಿಯ ಛಾಯಾಗ್ರಾಹಕರೊಬ್ಬರು ಹೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಕೆಲಸ ಬಿಟ್ಟು ಇಳಿಯಲೇ? ಇದರಲ್ಲೇ ಜೀವನ ಸಾಗೀತೇ? ಚಿತ್ರಕಥೆಯ ಕೆಲವು ಪುಟಗಳನ್ನೂ ಕಳಿಸಿದ್ದೇನೆ.

ಉತ್ತರ: ದುಡ್ಡು ಮುಳುಗೀತೇ, ಹಣೆಪಟ್ಟಿ ಅಂಟೀತೇ ಎಂಬ ಎರಡು ಚಿಂತೆಗಳನ್ನು ನೀವು ಬಿಡಿಸಿ ಬರೆದಿದ್ದೀರಿ. ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಮಾತ್ರ ನೀವು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ ಮಾತು: "ಕಥೆಯ ಎಲ್ಲ ಹಕ್ಕುಗಳೂ ಅವರಿಗೆ." ಕಡಿಮೆ ಬಜೆಟ್ಟಿನ ಹಾರರ್ ಚಿತ್ರಕಥೆಗಳನ್ನು ತಿದ್ದುವುದು, ಅವುಗಳ ಖರ್ಚಿನ ಪಟ್ಟಿ ಹಾಕುವುದು ನನ್ನ ವೃತ್ತಿ. ಈ ಕ್ಷೇತ್ರದಲ್ಲಿ ಬರೆದು ನಿರ್ದೇಶಿಸುವವರ ಬಾಳ್ವೆ ಮೊದಲ ಚಿತ್ರದ ಗಳಿಕೆಗಿಂತ ಹೆಚ್ಚಾಗಿ ಎರಡು ಸಂಗತಿಗಳ ಮೇಲೆ ನಿಂತಿರುವುದನ್ನು ನಾನು ನೋಡುತ್ತ ಬಂದಿದ್ದೇನೆ. ಕೈಯಲ್ಲಿರುವಷ್ಟರಲ್ಲೇ ಭಯ ಹುಟ್ಟಿಸುವಂತೆ ಬರೆಯಲು ಬರುತ್ತದೆಯೇ ಎಂಬುದು ಒಂದು. ಬರೆದದ್ದರಲ್ಲಿ ಏನಾದರೂ ನಿಮ್ಮದಾಗಿ ಉಳಿಯುತ್ತದೆಯೇ ಎಂಬುದು ಇನ್ನೊಂದು.

ಮೊದಲು ಗೆಳೆಯರ ಮಾತು. ಹಾಕಿದ ದುಡ್ಡು ಬಂದೇ ಬರುತ್ತದೆ ಎನ್ನುವವರು ಸಾಮಾನ್ಯವಾಗಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯ ಹೆಸರು ಹೇಳುತ್ತಾರೆ. ಸಾಫ್ಟ್‌ವೇರ್ ಪ್ರೋಗ್ರಾಮರ್ ಆಗಿದ್ದ ಓರೆನ್ ಪೆಲಿ ಸ್ಯಾನ್ ಡಿಯಾಗೊದ ತಮ್ಮ ಸ್ವಂತ ಮನೆಯಲ್ಲೇ, ಸುಮಾರು 15,000 ಡಾಲರ್ ಖರ್ಚಿನಲ್ಲಿ, ಒಂದು ವಾರದ ಆಸುಪಾಸಿನಲ್ಲಿ ಅದನ್ನು ಚಿತ್ರೀಕರಿಸಿದರು. ಜಗತ್ತಿನಾದ್ಯಂತ ಅದು 19 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಇಷ್ಟೂ ನಿಜ. ಆದರೆ 2007ರಲ್ಲಿ ಚಿತ್ರೋತ್ಸವದಲ್ಲಿ ತೋರಿಸಿದ ಚಿತ್ರ ಎಲ್ಲ ಕಡೆ ತೆರೆಕಂಡದ್ದು 2009ರಲ್ಲಿ. ಅದನ್ನು ಕೊಂಡವರು ಮೊದಲು ಯೋಚಿಸಿದ್ದು ಹೊಸ ನಟರನ್ನು ಹಾಕಿ ಪುನಃ ತೆಗೆಯುವುದನ್ನು. ಕೊನೆಗೆ ಮೂಲ ಚಿತ್ರವನ್ನೇ ಬಿಡುಗಡೆ ಮಾಡಿದಾಗ ಅದರ ಅಂತ್ಯ ಬದಲಾಗಿತ್ತು, ಪ್ರಚಾರಕ್ಕೆ ಸುರಿದ ಹಣದ ಮುಂದೆ ಚಿತ್ರೀಕರಣದ ಖರ್ಚು ಲೆಕ್ಕಕ್ಕೇ ಇರಲಿಲ್ಲ. ಪೆಲಿ ಆಮೇಲೆ ನಿರ್ದೇಶಿಸಿದ್ದಕ್ಕಿಂತ ನಿರ್ಮಾಪಕರಾಗಿ ಮಾಡಿದ ಕೆಲಸವೇ ಹೆಚ್ಚು. ಇಂಥ ಒಂದು ಚಿತ್ರದ ಹೆಸರು ಎಲ್ಲರ ಬಾಯಲ್ಲಿ ಇರುವುದೇ ಅದು ಅಪರೂಪವಾದ್ದರಿಂದ. ಅದೇ ಬಜೆಟ್ಟಿನಲ್ಲಿ ತಯಾರಾಗಿ ಹಾರ್ಡ್ ಡಿಸ್ಕಿನಲ್ಲೇ ಉಳಿದ ಚಿತ್ರಗಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಸ್ಟಾರ್ ಬೇಡ ಎನ್ನುವುದರಲ್ಲಿ ಮಾತ್ರ ತಿರುಳಿದೆ. ಪ್ರೇಮಕಥೆಗೆ, ಸಾಹಸಕ್ಕೆ ಪರಿಚಿತ ಮುಖ ಬೇಕಾಗುತ್ತದೆ. ಹಾರರ್‌ನಲ್ಲಿ ಅಪರಿಚಿತ ಮುಖವೇ ಅನುಕೂಲ: ಯಾರು ಬದುಕಿ ಉಳಿಯುತ್ತಾರೆ ಎಂದು ಪ್ರೇಕ್ಷಕರು ಮೊದಲೇ ಊಹಿಸಲಾರರು. ಭಯಕ್ಕೆ ಮಾತೂ ಕಡಿಮೆ ಸಾಕು, ಹಾಗಾಗಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ತೊಂದರೆ ಏನೆಂದರೆ ಈ ಅನುಕೂಲ ಎಲ್ಲರಿಗೂ ಗೊತ್ತು. ಮೊದಲ ಚಿತ್ರಕ್ಕೆ ಹಾರರ್ ಆರಿಸಿಕೊಳ್ಳುವವರು ಬಹಳ ಜನ. ಕೊಳ್ಳುವವರ ಮುಂದೆ ರಾಶಿ ಬಿದ್ದಿದೆ, ಅದಕ್ಕೆ ತಕ್ಕಂತೆ ಅವರು ಕೊಡುವ ಬೆಲೆಯೂ ಇಳಿದಿದೆ.

ಆ ರಾಶಿಯಿಂದ ನಿಮ್ಮದನ್ನು ಬೇರೆ ಮಾಡಬಲ್ಲದ್ದು ಬರವಣಿಗೆ ಒಂದೇ. ಅದಕ್ಕೇ ನೀವು ಕಳಿಸಿದ ಪುಟಗಳ ಹತ್ತಿರ ಬರುತ್ತೇನೆ.

ಒಂದು ಕಡೆ ಹೀಗೆ ಬರೆದಿದ್ದೀರಿ: "ರಾತ್ರಿ. ಮಳೆ. ಇಪ್ಪತ್ತು ಜನ ಪಂಜು ಹಿಡಿದು ಕಾಡಿನಲ್ಲಿ ತಂಗಿಯನ್ನು ಹುಡುಕುತ್ತಿದ್ದಾರೆ." ಓದಲು ಒಂದು ಉಸಿರು. ತೆಗೆಯಲು? ಇಪ್ಪತ್ತು ಜನರ ಸಂಬಳ, ಊಟ, ವಾಹನ, ಬಟ್ಟೆ. ಕಾಡಿನೊಳಗೆ ಬೆಳಕು ಬೇಕೆಂದರೆ ಜನರೇಟರ್, ಉದ್ದುದ್ದ ಕೇಬಲ್. ಮಳೆಗೆ ನೀರಿನ ಟ್ಯಾಂಕರ್, ಪಂಪು. ನಿಜವಾದ ಬೆಂಕಿ ಇದೆ ಎಂದಮೇಲೆ ಅದನ್ನು ನೋಡಿಕೊಳ್ಳಲು ಬೇರೆ ಜನ, ಅನುಮತಿ. ಆ ಮಳೆಯಲ್ಲಿ ಪಂಜು ಆರಿಹೋಗುತ್ತಲೇ ಇರುತ್ತದೆ. ಒಂದು ಟೇಕ್ ಕೆಟ್ಟರೆ ಎಲ್ಲರ ಬಟ್ಟೆ ಬದಲಾಯಿಸಿ ಪುನಃ ನಿಲ್ಲಿಸಬೇಕು. ನಿಮ್ಮ ಬಜೆಟ್ಟಿನ ಎರಡು ರಾತ್ರಿ ಅಲ್ಲೇ ಮುಗಿಯುತ್ತದೆ. ಇಷ್ಟೆಲ್ಲ ಮಾಡಿಯೂ ಆ ದೃಶ್ಯದಲ್ಲಿ ಭಯವಿಲ್ಲ. ಇಪ್ಪತ್ತು ಜನ ಜೊತೆಗಿರುವ ಕಡೆ ಯಾರಿಗೆ ಹೆದರಿಕೆ?

ಅದೇ ಹುಡುಕಾಟವನ್ನು ಹೀಗೆ ಬರೆದು ನೋಡಿ. ಅಕ್ಕ ಹಿಂಬಾಗಿಲಲ್ಲಿ ಒಬ್ಬಳೇ ನಿಂತಿದ್ದಾಳೆ. ಮುಂದೆ ಕತ್ತಲು. ದೂರದಿಂದ ಬೇರೆ ಬೇರೆ ದನಿಗಳು ತಂಗಿಯ ಹೆಸರು ಕೂಗುತ್ತಿವೆ. ಅವಳು ಕಿವಿಗೊಟ್ಟು ಒಂದೊಂದೇ ದನಿಯನ್ನು ಗುರುತು ಹಿಡಿಯುತ್ತಾಳೆ. ಒಂದು ದನಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಕೊನೆಗೆ ಎಲ್ಲವೂ ನಿಂತು ಬರಿಯ ಹುಳಗಳ ಸದ್ದು. ಆಮೇಲೆ ತೀರಾ ಹತ್ತಿರದಲ್ಲಿ ಒಂದು ದನಿ ಕೂಗುತ್ತದೆ. ಈ ಬಾರಿ ತಂಗಿಯ ಹೆಸರಲ್ಲ, ಅಕ್ಕನದು. ಒಬ್ಬ ನಟಿ, ಒಂದು ಬಾಗಿಲು, ಒಂದು ದೀಪ. ದನಿಗಳನ್ನೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಕೂತು ರೆಕಾರ್ಡ್ ಮಾಡಿಕೊಳ್ಳಬಹುದು. ಅರ್ಧ ರಾತ್ರಿಯಲ್ಲಿ ಮುಗಿಯುವ ಕೆಲಸ.

ಈ ವಿದ್ಯೆ ಹಳೆಯದು. 1942ರಲ್ಲಿ ಹಾಲಿವುಡ್ಡಿನ ಆರ್‌ಕೆಒ ಸ್ಟುಡಿಯೊ ವ್ಯಾಲ್ ಲೂಟನ್ ಎಂಬ ನಿರ್ಮಾಪಕರಿಗೆ ಹಾರರ್ ವಿಭಾಗ ಒಪ್ಪಿಸಿದಾಗ ಹಾಕಿದ ಷರತ್ತುಗಳು ಕಟುವಾಗಿದ್ದವು. ಚಿತ್ರಕ್ಕೆ 1,50,000 ಡಾಲರ್ ಮೀರಬಾರದು, ಅವಧಿ 75 ನಿಮಿಷದ ಒಳಗಿರಬೇಕು, ಶೀರ್ಷಿಕೆಯನ್ನು ಸ್ಟುಡಿಯೊದವರೇ ಕೊಡುತ್ತಾರೆ. 'ಕ್ಯಾಟ್ ಪೀಪಲ್' ಎಂಬ ಶೀರ್ಷಿಕೆ ಕೈಗೆ ಬಂತು. ಹೆಣ್ಣು ಚಿರತೆಯಾಗುವ ಕಥೆ, ಆದರೆ ಆ ಮೃಗವನ್ನು ಚೆನ್ನಾಗಿ ತೋರಿಸುವಷ್ಟು ಹಣವಿಲ್ಲ. ಆ ಚಿತ್ರದಲ್ಲಿ ರಾತ್ರಿ ಒಬ್ಬಂಟಿಯಾಗಿ ನಡೆಯುವ ಹೆಣ್ಣಿನ ಹಿಂದೆ ಹೆಜ್ಜೆ ಸದ್ದು ಬರುತ್ತದೆ, ನಿಲ್ಲುತ್ತದೆ. ಬುಸ್ ಎಂಬ ಸದ್ದಿಗೆ ನಾವು ಬೆಚ್ಚಿಬಿದ್ದರೆ ಬಂದು ನಿಂತದ್ದು ಒಂದು ಬಸ್ಸು. ಎಂಬತ್ತು ವರ್ಷ ದಾಟಿದರೂ ನಮ್ಮ ಕಸುಬಿನವರು ಆ ದೃಶ್ಯವನ್ನು ಬಿಡಿಸಿ ನೋಡುತ್ತಲೇ ಇದ್ದಾರೆ. ಬಜೆಟ್ಟು ಕಡಿಮೆ ಎಂದು ಕಥೆಯನ್ನು ಚಿಕ್ಕದು ಮಾಡಬೇಡಿ. ಏನನ್ನು ತೋರಿಸುತ್ತೀರಿ, ಏನನ್ನು ಕೇಳಿಸುತ್ತೀರಿ ಎಂಬುದನ್ನು ಬದಲಿಸಿ.

ರಕ್ತದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಬಣ್ಣದ ನೀರು ತಾನೆ, ಅಗ್ಗ ಎಂದು ಹೊಸಬರು ಧಾರಾಳವಾಗಿ ಬರೆದುಬಿಡುತ್ತಾರೆ. ನೀರು ಅಗ್ಗವೇ. ಆದರೆ ಒಮ್ಮೆ ಚಿಮ್ಮಿದ ಮೇಲೆ ಇನ್ನೊಂದು ಟೇಕ್ ಬೇಕೆಂದರೆ ನಟಿಯ ಮುಖ, ಕೂದಲು ತೊಳೆಯಬೇಕು, ಅದೇ ಅಂಗಿಯ ಇನ್ನೊಂದು ಪ್ರತಿ ತೊಡಿಸಬೇಕು, ನೆಲ, ಗೋಡೆ ಒರೆಸಬೇಕು, ಕಲೆ ಎಲ್ಲಿತ್ತೆಂದು ಫೋಟೊ ನೋಡಿ ಹೊಂದಿಸಬೇಕು. ಸಣ್ಣ ಚಿತ್ರದಲ್ಲಿ ತುಟ್ಟಿಯಾದದ್ದು ಸಮಯ. ರಕ್ತ ಕುಡಿಯುವುದು ಅದನ್ನೇ. ಇಡೀ ಚಿತ್ರಕ್ಕೆ ರಕ್ತದ ಒಂದೆರಡು ದೃಶ್ಯ ಇಟ್ಟುಕೊಂಡು, ಆಯಾ ಲೊಕೇಶನ್ನಿನ ಕೊನೆಯ ದಿನಕ್ಕೆ ಅವನ್ನು ಹಾಕಿಕೊಳ್ಳಿ.

ಉಳಿಸಿದ ಹಣವನ್ನು ಸೌಂಡಿಗೆ ಹಾಕಿ. ಜಾನ್ ಕಾರ್ಪೆಂಟರ್ 1978ರ 'ಹ್ಯಾಲೊವೀನ್' ಚಿತ್ರವನ್ನು ಸಂಗೀತ, ಸದ್ದು ಸೇರಿಸುವ ಮೊದಲು ದೊಡ್ಡ ಸ್ಟುಡಿಯೊದ ಅಧಿಕಾರಿಯೊಬ್ಬರಿಗೆ ತೋರಿಸಿದಾಗ ಅವರಿಗೆ ಎಲ್ಲೂ ಭಯವಾಗಲಿಲ್ಲವಂತೆ. ಆಮೇಲೆ ಕಾರ್ಪೆಂಟರ್ ತಾವೇ ಸಂಗೀತ ಮಾಡಿ ಚಿತ್ರವನ್ನು ಕಾಪಾಡಿದರು. ತೆರೆಯ ಮೇಲೆ ಮಂಕಾಗಿ ಕಾಣುವ ದೃಶ್ಯವನ್ನು ಪ್ರೇಕ್ಷಕರು ಸಹಿಸುತ್ತಾರೆ, ಅದು ಬೇಕೆಂದೇ ಹಾಗಿದೆ ಎಂದೂ ಒಪ್ಪುತ್ತಾರೆ. ಮಾತು ಕೇಳಿಸದಿದ್ದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ನೀವು ಎಡಿಟಿಂಗಿನಿಂದ ಬಂದವರು, ಇದು ನಿಮ್ಮ ದೊಡ್ಡ ಆಸ್ತಿ. ಪ್ರತಿ ಕೋಣೆಯಲ್ಲಿ ಯಾರೂ ಮಾತಾಡದಾಗಿನ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಸಂಭಾಷಣೆಯ ಟ್ರ್ಯಾಕು ಬೇರೆ, ಸಂಗೀತ ಮತ್ತು ಇತರ ಸದ್ದಿನ ಟ್ರ್ಯಾಕು ಬೇರೆ ಇರುವಂತೆ ಮೊದಲಿನಿಂದಲೇ ಜೋಡಿಸಿ. ಬೇರೆ ಭಾಷೆಗೆ ಡಬ್ ಮಾಡಲು ಕೊಳ್ಳುವವರು ಕೇಳುವುದು ಇದನ್ನೇ.

ಇನ್ನು ಹಕ್ಕಿನ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಜಾರ್ಜ್ ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 1,14,000 ಡಾಲರಿನಲ್ಲಿ ಮಾಡಿದ 'ನೈಟ್ ಆಫ್ ದ ಲಿವಿಂಗ್ ಡೆಡ್' 1968ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಮೊದಲಿದ್ದ ಹೆಸರು ಬೇರೆ. ವಿತರಕರು ಶೀರ್ಷಿಕೆ ಬದಲಿಸಿದಾಗ ಹೊಸ ಶೀರ್ಷಿಕೆಯ ಫ್ರೇಮಿನಲ್ಲಿ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಪ್ರತಿ ಮಾಡಿ ಮಾರಿದರು. ಮಾಡಿದವರನ್ನು ಕೇಳುವ ಅಗತ್ಯವೇ ಇರಲಿಲ್ಲ. 1974ರ 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಇನ್ನೊಂದು ಬಗೆ. ಟೋಬಿ ಹೂಪರ್ ನಿರ್ದೇಶಿಸಿದ ಆ ಚಿತ್ರ ಕೋಟಿಗಟ್ಟಲೆ ಡಾಲರ್ ಗಳಿಸಿತು. ಕಡಿಮೆ ಸಂಬಳಕ್ಕೆ ಬದಲಾಗಿ ಪಾಲು ಒಪ್ಪಿಕೊಂಡಿದ್ದ ನಟರಿಗೆ, ತಂತ್ರಜ್ಞರಿಗೆ ಕೈಗೆ ಸಿಕ್ಕಿದ್ದು ಬಲು ಅಲ್ಪ. ಆ ಪಾಲು ಚಿತ್ರದ ಇಡೀ ಗಳಿಕೆಯಲ್ಲಿ ಇರಲಿಲ್ಲ. ಹಲವರ ಕೈ ದಾಟಿ ಬಂದ ಮೇಲೆ ಉಳಿಯುವ ತುಣುಕಿನಲ್ಲಿ ಇತ್ತು. ವಿತರಕರಿಂದ ಬರಬೇಕಾದ ಹಣವೂ ಸರಿಯಾಗಿ ಬರಲಿಲ್ಲ.

ನಿಮಗೆ ಹೇಳಿರುವ "ನಿವ್ವಳ ಲಾಭ"ವನ್ನು ಈ ಬೆಳಕಿನಲ್ಲಿ ಓದಿ. ಪ್ರದರ್ಶಕರ ಪಾಲು, ವಿತರಕರ ಕಮಿಷನ್, ಪ್ರಚಾರ, ಪ್ರತಿಗಳು, ಪ್ರಯಾಣ, ಹಾಕಿದ ಬಂಡವಾಳ, ಅದರ ಬಡ್ಡಿ, ನಿರ್ಮಾಣ ಕಚೇರಿಯ ಖರ್ಚು, ಇವೆಲ್ಲ ಕಳೆದು ಉಳಿದರೆ ಅದಕ್ಕೆ ನಿವ್ವಳ ಎಂದು ಹೆಸರು. ಏನೇನು ಕಳೆಯಬಹುದು, ಹೆಚ್ಚೆಂದರೆ ಎಷ್ಟು ಎಂದು ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಆ ಪಾಲು ಶೂನ್ಯವೆಂದೇ ಲೆಕ್ಕ ಹಾಕಿಕೊಳ್ಳಿ. ನಿಮ್ಮ ನಿರ್ಮಾಪಕರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರು ಬರೆದ ಕೆಟ್ಟ ಒಪ್ಪಂದಗಳನ್ನು ಬೇಕಾದಷ್ಟು ಓದಿದ್ದೇನೆ. ಚಿತ್ರ ಗೆದ್ದ ಮೇಲೆ ಅದೇ ಕಾಗದ ಇನ್ಯಾರದೋ ಕೈಗೆ ಹೋಗುತ್ತದೆ.

ಹಾಗಾದರೆ ಅವರ ಬಳಿ ಏನು ಕೇಳಬೇಕು? ಸಂಭಾವನೆ ಇಲ್ಲದೆ ಮಾಡಲು ಒಪ್ಪುವವರಿಗೆ ಕೇಳುವ ಬಲ ಇದೆ, ಅದನ್ನು ಬಳಸಿಕೊಳ್ಳಿ. ಹಕ್ಕನ್ನು ಅವಧಿಗೆ ಕಟ್ಟಿ ಕೊಡಿ: ಒಂದೂವರೆ ವರ್ಷದೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಚಿತ್ರಕಥೆ ನಿಮ್ಮ ಕೈಗೆ ಮರಳಬೇಕು. ಇಲ್ಲದಿದ್ದರೆ ಅವರ ಮೇಜಿನ ಖಾನೆಯಲ್ಲಿ ಹತ್ತು ವರ್ಷ ಕೂರುತ್ತದೆ, ನೀವು ಇನ್ನೊಬ್ಬರಿಗೆ ತೋರಿಸುವ ಹಾಗೂ ಇಲ್ಲ. ಮುಂದಿನ ಭಾಗ, ರೀಮೇಕ್, ಸರಣಿ ಇವುಗಳನ್ನು "ಎಲ್ಲ ಹಕ್ಕು" ಎಂಬ ಎರಡು ಪದದೊಳಗೆ ಸೇರಿಸಲು ಬಿಡಬೇಡಿ. ಹಾರರ್‌ನಲ್ಲಿ ನಿಜವಾದ ಹಣ ಹುಟ್ಟುವುದು ಬಹಳ ಸಲ ಅಲ್ಲೇ. ಅದನ್ನು ಪೂರ್ತಿ ಉಳಿಸಿಕೊಳ್ಳಲು ಆಗದಿದ್ದರೂ, ಎರಡನೆಯ ಭಾಗ ಬರೆಯುವ ಮೊದಲ ಅವಕಾಶ ನಿಮಗೆ, ಬೇರೆಯವರು ಬರೆದರೆ ಇಷ್ಟು ಮೊತ್ತ ನಿಮಗೆ ಎಂದಾದರೂ ಬರೆಸಿ. ವರ್ಷಕ್ಕೆರಡು ಬಾರಿ ಲೆಕ್ಕಪತ್ರ, ಅದನ್ನು ಪರಿಶೀಲಿಸುವ ಹಕ್ಕು. ಚಿತ್ರಕಥೆ ಮತ್ತು ನಿರ್ದೇಶನಕ್ಕೆ ನಿಮ್ಮ ಹೆಸರು. ನಿಮ್ಮನ್ನು ನಿರ್ದೇಶನದಿಂದ ತೆಗೆದರೆ ಬರವಣಿಗೆಗೆ ಕೊಡಬೇಕಾದ ನಿಗದಿತ ಹಣ. ಸಹಿ ಮಾಡುವ ಮೊದಲು ಸಿನಿಮಾ ಒಪ್ಪಂದಗಳನ್ನು ಬಲ್ಲ ವಕೀಲರಿಗೆ ತೋರಿಸಿ. ಹಕ್ಕಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆ ಶುಲ್ಕ ಉಳಿಸಲು ಹೋಗಬೇಡಿ.

ಸ್ವಂತ ಹಣದಲ್ಲಿ ಮಾಡುವ ದಾರಿಯಲ್ಲಿ ಹಕ್ಕೆಲ್ಲ ನಿಮ್ಮದೇ, ಅದರ ಸೊಗಸೇ ಬೇರೆ. ಆದರೆ ಅಲ್ಲಿ ಜನ ಎಡವುವ ಜಾಗ ಒಂದಿದೆ. ಇದ್ದ ಹಣವನ್ನೆಲ್ಲ ಚಿತ್ರೀಕರಣಕ್ಕೇ ಸುರಿದುಬಿಡುತ್ತಾರೆ. ಎಡಿಟಿಂಗ್, ಸೌಂಡ್, ಕಲರ್, ಚಿತ್ರೋತ್ಸವಗಳ ಶುಲ್ಕ, ಕೊಳ್ಳುವವರು ಕೇಳುವ ಕಾಗದಪತ್ರ ಇವಕ್ಕೆ ಏನೂ ಉಳಿದಿರುವುದಿಲ್ಲ. ಅಂಥ ಅರೆಬರೆ ಚಿತ್ರಗಳೇ ನನ್ನ ಬಳಿ ಹೆಚ್ಚಾಗಿ ಬರುತ್ತವೆ, ಆ ಹೊತ್ತಿಗೆ ಮಾಡಬಹುದಾದದ್ದು ಬಹಳ ಕಡಿಮೆ. ಇದ್ದುದರಲ್ಲಿ ಮೂರನೇ ಒಂದು ಭಾಗವನ್ನಾದರೂ ಚಿತ್ರೀಕರಣ ಮುಗಿಯುವ ತನಕ ಮುಟ್ಟಬೇಡಿ. ಪ್ರತಿಯೊಬ್ಬ ನಟ, ಸಂಗೀತಗಾರ, ಮನೆ ಕೊಟ್ಟವರು, ಎಲ್ಲರಿಂದಲೂ ಸಹಿ ಮಾಡಿದ ಕಾಗದ ಆ ದಿನವೇ ತೆಗೆದುಕೊಳ್ಳಿ. ಒಬ್ಬ ಗೆಳೆಯ ಸುಮ್ಮನೆ ನುಡಿಸಿಕೊಟ್ಟ ಎರಡು ನಿಮಿಷದ ಸಂಗೀತಕ್ಕೆ ಕಾಗದ ಇಲ್ಲದೆ ಮಾರಾಟ ನಿಂತುಹೋದದ್ದನ್ನು ಕಂಡಿದ್ದೇನೆ. ಮನೆಯವರ ಹಣದ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಪೂರ್ತಿ ಹೋದರೂ ಅವರ ಬದುಕು ಅಲುಗದಷ್ಟು ಮಾತ್ರ ತೆಗೆದುಕೊಳ್ಳಿ. ಸಾಲ ಮಾಡಿ ಮೊದಲ ಚಿತ್ರ ಬೇಡವೇ ಬೇಡ.

ಮೂರನೆಯ ದಾರಿಯೊಂದು ಇದೆ, ನೀವು ಅದನ್ನು ಬರೆದಿಲ್ಲ. ನಿಮ್ಮ ಎರಡು ಕಿರುಚಿತ್ರಗಳು ಬೇರೆ ಕಥೆಗಳು. ಈ ಚಿತ್ರಕಥೆಯದೇ ಒಂದು ತುಣುಕನ್ನು, ಆ ಹಿಂಬಾಗಿಲ ದೃಶ್ಯದಂಥದ್ದನ್ನು, ಎಂಟು ಹತ್ತು ನಿಮಿಷದ ಚಿತ್ರವಾಗಿ ಮಾಡಿ. ಸ್ಯಾಮ್ ರೈಮಿ 'ದ ಈವಿಲ್ ಡೆಡ್'ಗೆ ಹಣ ಕೇಳಲು ಹೋಗುವ ಮುನ್ನ 1978ರಲ್ಲಿ 1,600 ಡಾಲರಿನ ಆಸುಪಾಸಿನಲ್ಲಿ ಒಂದು ಕಿರುಚಿತ್ರ ಮಾಡಿ, ಅದನ್ನು ಹಣ ಹಾಕಬಲ್ಲವರಿಗೆ ತೋರಿಸಿದರು. ಹಣ ಹಾಕಿದವರಲ್ಲಿ ಹಲ್ಲಿನ ವೈದ್ಯರೂ ಇದ್ದರು. ಇದರ ಅಪಾಯ ಹೇಳಬೇಕೆಂದರೆ ಆರು ತಿಂಗಳು ತಡವಾಗಬಹುದು; ಈಗಿನ ನಿರ್ಮಾಪಕರ ಉತ್ಸಾಹ ಅಷ್ಟರಲ್ಲಿ ಆರಬಹುದು. ಲಾಭ ಏನೆಂದರೆ ಮಾತುಕತೆಗೆ ಕೂರುವಾಗ ನಿಮ್ಮ ಕೈಯಲ್ಲಿ ಪುಟಗಳ ಜೊತೆಗೆ ಭಯವೂ ಇರುತ್ತದೆ, ಇನ್ನೊಬ್ಬ ನಿರ್ಮಾಪಕರ ಬಾಗಿಲು ತಟ್ಟುವುದೂ ಸುಲಭವಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ದಾರಿಯಲ್ಲೇ ಹೋಗುತ್ತಿದ್ದೆ.

ಯಾವ ದಾರಿ ಹಿಡಿದರೂ ತಂಡವನ್ನು ಕಾಪಾಡಿ. ಹಾರರ್ ಎಂದರೆ ರಾತ್ರಿ ಕೆಲಸ. ಸತತ ರಾತ್ರಿಗಳ ನಂತರ ಬೆಳಗಿನ ಜಾವ ತಾವೇ ವಾಹನ ಓಡಿಸಿಕೊಂಡು ಮನೆಗೆ ಹೊರಡುವವರನ್ನು ತಡೆದು ಮಲಗಲು ಜಾಗ ಕೊಡುವುದು ನಿಮ್ಮ ಹೊಣೆ. ಕಟ್ಟಿಹಾಕುವ, ಉಸಿರು ಕಟ್ಟಿಸುವ, ನೀರಿಗೆ ತಳ್ಳುವ ದೃಶ್ಯಗಳಿದ್ದರೆ ಹಿಂದಿನ ದಿನವೇ ಹಗಲಲ್ಲಿ ತಾಲೀಮು ಮಾಡಿ, ನಿಲ್ಲಿಸಿ ಎನ್ನಲು ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ಬಜೆಟ್ ಕಡಿಮೆ ಎಂಬುದು ಇದಕ್ಕೆ ನೆಪವಾಗಬಾರದು. ಕತ್ತಲಾದ ಮೇಲೆ ತೆಗೆಯಬೇಕಿಲ್ಲದ ಒಳಾಂಗಣ ದೃಶ್ಯಗಳನ್ನು ಕಿಟಕಿಗೆ ಕಪ್ಪು ಬಟ್ಟೆ ಹೊದಿಸಿ ಹಗಲಲ್ಲೇ ಮುಗಿಸಿ. ಅರ್ಧದಷ್ಟು ರಾತ್ರಿಗಳು ಉಳಿಯುತ್ತವೆ.

ಹಣೆಪಟ್ಟಿಯ ಭಯಕ್ಕೆ ಬರುತ್ತೇನೆ. ಹಿರಿಯರ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾರೆ. ರೊಮೆರೊ ಬೇರೆ ಬಗೆಯ ಚಿತ್ರಗಳನ್ನೂ ಮಾಡಿದರು, ಜನ ನೆನಪಿಟ್ಟುಕೊಂಡದ್ದು ಸತ್ತು ಎದ್ದು ಬರುವ ಜೋಂಬಿಗಳನ್ನೇ. ಆದರೆ ರೈಮಿ 2002ರಲ್ಲಿ 'ಸ್ಪೈಡರ್‌ಮ್ಯಾನ್' ನಿರ್ದೇಶಿಸಿದರು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಶುರು ಮಾಡಿದ್ದು ರಕ್ತಸಿಕ್ತ ಅಗ್ಗದ ಹಾರರ್‌ನಿಂದ, ಮುಂದೆ 'ದ ಲಾರ್ಡ್ ಆಫ್ ದ ರಿಂಗ್ಸ್' ಮಾಡಿದರು. ಹೆಸರೇ ಇಲ್ಲದ ಹೊಸಬರಿಗೆ "ಇವರು ಹೆದರಿಸಬಲ್ಲರು" ಎಂಬ ಪಟ್ಟಿ ಸಿಕ್ಕರೆ ಅದು ಬಾಗಿಲು ತೆರೆಯುತ್ತದೆ. ಮುಂದೆ ಅದರಿಂದ ಆಚೆ ಹೋಗಬೇಕೆಂದರೆ ಈಗಿನ ಚಿತ್ರದಲ್ಲೇ ಅದಕ್ಕೆ ದಾರಿ ಬಿಟ್ಟಿರಬೇಕು. ನಿಮ್ಮ ಪುಟಗಳಲ್ಲಿ ಅಕ್ಕ ತಂಗಿಯ ಹಳೆಯ ಜಗಳದ ದೃಶ್ಯ ಒಂದಿದೆಯಲ್ಲ, ದೆವ್ವದ ಸುಳಿವೇ ಇಲ್ಲದ್ದು. ಇಡೀ ಕಟ್ಟಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದೇ. ಚಿತ್ರದ ವೇಗಕ್ಕೆ ಅಡ್ಡಿ ಎಂದು ಯಾರಾದರೂ ತೆಗೆಸಲು ನೋಡಿದರೆ ಬಿಡಬೇಡಿ. ನಾಳೆ ಬೇರೆ ಬಗೆಯ ಚಿತ್ರ ಕೊಡುವವರು ನಿಮ್ಮಲ್ಲಿ ಹುಡುಕುವುದು ಅದನ್ನು.

ಕೊನೆಗೆ ಕೆಲಸ ಬಿಡುವ ಪ್ರಶ್ನೆ. ಬರವಣಿಗೆಯಿಂದ ಬಿಡುಗಡೆಯವರೆಗೆ ಎರಡು ಮೂರು ವರ್ಷ ಹೋಗುವುದು ಮಾಮೂಲು. ಕಡಿಮೆ ಬಜೆಟ್ಟಿನ ಹಾರರ್ ಮಾಡಿಯೇ ಬದುಕುತ್ತಿರುವವರಲ್ಲಿ ನಾನು ಬಲ್ಲ ಬಹುತೇಕರು ಚಿತ್ರಗಳ ನಡುವಿನ ಕಾಲವನ್ನು ಬೇರೆಯವರ ಚಿತ್ರಕಥೆ ತಿದ್ದಿ, ಎಡಿಟ್ ಮಾಡಿ, ಜಾಹೀರಾತು ತೆಗೆದು ದಾಟುತ್ತಾರೆ. ಅದರಲ್ಲಿ ಸಣ್ಣತನವೇನೂ ಇಲ್ಲ, ಆ ದುಡ್ಡೇ ಕೆಟ್ಟ ಒಪ್ಪಂದಕ್ಕೆ ಬೇಡ ಎನ್ನುವ ಧೈರ್ಯ ಕೊಡುತ್ತದೆ. ಜಾಕ್ಸನ್ ತಮ್ಮ ಮೊದಲ ಚಿತ್ರ 'ಬ್ಯಾಡ್ ಟೇಸ್ಟ್' ತೆಗೆದದ್ದು ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತ, ವಾರದ ಕೊನೆಗಳಲ್ಲಿ, ಕೆಲವು ವರ್ಷಗಳ ಕಾಲ. ಅದು ಹೊರಬಂದದ್ದು 1987ರಲ್ಲಿ. ಅಷ್ಟು ಎಳೆಯುವುದು ನಿಮ್ಮ ಕಥೆಗೆ ಬೇಕಿಲ್ಲ. ಈಗ ರಾಜೀನಾಮೆ ಕೊಡಬೇಡಿ. ರಜೆ ಕೂಡಿಸಿಟ್ಟು ಆ ಹತ್ತು ನಿಮಿಷದ ಚಿತ್ರ ಮಾಡಿ. ನಿರ್ಮಾಪಕರಿಗೆ ಮೇಲಿನ ಷರತ್ತುಗಳನ್ನು ವಿನಯದಿಂದ ಬರೆದು ಕಳಿಸಿ, ಉತ್ತರಕ್ಕೆ ಒಂದು ತಿಂಗಳು ಕೊಡಿ. ಅವಧಿ ಮತ್ತು ಮುಂದಿನ ಭಾಗದ ಹಕ್ಕು, ಈ ಎರಡರಲ್ಲಿ ಒಂದನ್ನೂ ಅವರು ಒಪ್ಪದಿದ್ದರೆ ಸಹಿ ಹಾಕಬೇಡಿ. ಒಪ್ಪಿದರೆ, ಚಿತ್ರೀಕರಣದ ದಿನಾಂಕ ಗೊತ್ತಾಗಿ, ಬಜೆಟ್ಟಿನ ಮೊದಲ ಕಂತು ನಿರ್ಮಾಣದ ಖಾತೆಗೆ ಬಿದ್ದ ಮೇಲೆ, ಸ್ಟುಡಿಯೊದಲ್ಲಿ ಮೂರು ತಿಂಗಳ ಸಂಬಳರಹಿತ ರಜೆ ಕೇಳಿ. ಮಾತುಕತೆಯ ನಡುವೆ ಪರಿಷ್ಕರಿಸಿದ ಪುಟಗಳನ್ನು ಕಳಿಸಿದರೆ ಓದುತ್ತೇನೆ.